ಒಂದು ಚಿತ್ರವೂ ನಾಲ್ಕು ಅಭಿಪ್ರಾಯಗಳೂ

ನಮ್ಮ ಸಿದ್ಧಾಂತಜ್ಯೋತಿಷದಲ್ಲಿ ‘ಲಂಬನ’ವೆಂಬ ಒಂದು ಪಾರಿಭಾಷಿಕ ಶಬ್ದವುಂಟು. ನೋಡುವವನು ನಿಂತ ಸ್ಥಳವು ಬದಲಾದರೆ ನೋಡಲ್ಪಡುವ ವಸ್ತುವೂ ಸರಿದಂತೆ ತೋರುವುದಷ್ಟೆ, ಅದೇ ಲಂಬನ. ಒಂದೇ ಸೂರ್ಯಗ್ರಹಣವು ಒಂದೂರಿನಲ್ಲಿ ಪೂರ್ಣವಾಗಿಯೂ ಮತ್ತೊಂದೂರಿನಲ್ಲಿ ಅರೆಯಾಗಿಯೂ ಕಾಣುವುದಕ್ಕೆ ಇದು ಕಾರಣವಾದುದರಿಂದ ಸೂರ್ಯಸಿದ್ಧಾಂತವು ಗ್ರಹಣದ ಗಣಿತದಲ್ಲಿ ಇದನ್ನು ವಿವರಿಸಿದೆ. ವಾಚಕರು ಇದಕ್ಕಾಗಿ ಗ್ರಂಥವನ್ನು ಬಿಚ್ಚಬೇಕಾದುದಿಲ್ಲ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು, ಒಮ್ಮೆ ಎಡಗಣ್ಣನ್ನೂ ಒಮ್ಮೆ ಬಲಗಣ್ಣನ್ನೂ ಮುಚ್ಚಿ ನೋಡಿದರೆ ಸಾಕು. ಬೆರಳು ಇದ್ದಲ್ಲಿಯೇ ಇದ್ದರೂ ಅತ್ತಿತ್ತ ಹಾರುತ್ತದೆ. ಇದನ್ನು ಇಂಗ್ಲಿಷಿನಲ್ಲಿ ‘ಪ್ಯಾರಲಾಕ್ಸ್’ ಎನ್ನುತ್ತಾರೆ. ಈ ಹೆಸರನ್ನು ಹೊತ್ತಿರುವ ‘ದಿ ಪ್ಯಾರಲಾಕ್ಸ್ ವ್ಯೂ’ ಎಂಬ ಅಮೆರಿಕದ ಚಲಚ್ಚಿತ್ರವೊಂದನ್ನು ಈಚೆಗೆ ನಮ್ಮ ಮನೆಯ ಹಜಾರದಲ್ಲಿ ಐದು ಮಂದಿ ಕುಳಿತು ನೋಡಿದೆವು. ನೋಡಿದ ಚಿತ್ರ ಒಂದು. ಕೇಳಿಬಂದ ಅಭಿಪ್ರಾಯಗಳು ನಾಲ್ಕು. ಆ ವಿಚಾರವನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಕಥೆ. ಸಿಯಾಟಲ್ ನಗರದಲ್ಲಿ ‘ಸ್ಪೇಸ್ ನೀಡಲ್’ ಎಂಬ ೬೦೫ ಅಡಿ ಎತ್ತರದ ಗೋಪುರವಿದೆ. ಅದರ ಮೇಲೆ ನಡೆಯುವ ಸಮಾರಂಭದಲ್ಲಿ ಶಾಸನಸಭೆಯ ಸದಸ್ಯನೊಬ್ಬನನ್ನು ಗುಂಡಿಟ್ಟು ಕೊಲ್ಲುತ್ತಾರೆ. ಬಡಿಸುವವನ ವೇಷದಲ್ಲಿದ್ದ ಒಬ್ಬನು ಓಡಿಹೋಗುವಾಗ ಗೋಪುರದಿಂದ ಬಿದ್ದು ಸಾಯುತ್ತಾನೆ. ಅದೇ ವೇಷದ ಮತ್ತೊಬ್ಬನು ಪಿಸ್ತೂಲನ್ನು ಮರೆಮಾಡಿಕೊಂಡು ಮೆಲ್ಲನೆ ಜಾರಿಹೋಗುವುದು ನಮಗೆ ಕಾಣುತ್ತದೆ. ವಿಚಾರಣಾ ಮಂಡಳಿಯವರಾದರೋ, ಕೊಂದವನು ಒಬ್ಬನೇ, ಪಿತೂರಿಯೇನೂ ಇಲ್ಲವೆಂದು ತೀರ್ಮಾನಿಸುತ್ತಾರೆ. ಮೂರು ವರ್ಷಗಳ ಮೇಲೆ, ಆ ಸಮಾರಂಭದಲ್ಲಿದ್ದ ಸಾಕ್ಷಿಗಳು ಒಬ್ಬೊಬ್ಬರಾಗಿ ಸಾಯುತ್ತಿದ್ದಾರೆಂದು ಹೆದರಿದ ಒಬ್ಬಾಕೆ, ತನ್ನ ಹಳೆಯ ಸ್ನೇಹಿತನಾದ ಫ್ರೇಡಿಯೆಂಬ ಪತ್ರಕರ್ತನಲ್ಲಿಗೆ ಬಂದು ಗೋಳಿಡುತ್ತಾಳೆ. ಅವನು ನಂಬುವುದಿಲ್ಲ. ಮುಂದಿನ ದೃಶ್ಯದಲ್ಲಿಯೇ ಅವಳ ಶವವನ್ನು ತೋರಿಸುತ್ತಾರೆ. ಅಲ್ಲಿಂದ ಅವನು ಶೋಧನೆಗೆ ಹೊರಟು, ಕೊಲೆಗಾರರನ್ನು ಆರಿಸಿ ನೇಮಿಸಿಕೊಳ್ಳುವ ಪ್ಯಾರಲಾಕ್ಸ್ ಎಂಬ ಕಂಪೆನಿಯನ್ನು ಕಂಡುಹಿಡಿದು, ತಾನೂ ಕೊಲೆಗಾರನಾಗಲು ಬಂದವನಂತೆ ನಟಿಸಿ ಒಳಹೊಗುತ್ತಾನೆ. ಕೊನೆಯಲ್ಲಿ ಮತ್ತೊಬ್ಬ ರಾಜಕಾರಣಿಯ ಕೊಲೆಯ ಅಪವಾದವು ಇವನ ತಲೆಗೇ ಬರುತ್ತದೆ, ಇವನನ್ನೂ ಕೊಲ್ಲುತ್ತಾರೆ. ಮತ್ತೆ ಮಂಡಳಿಯು ಕತ್ತಲಲ್ಲಿ ಕುಳಿತು, ಇವನೇ ಕೊಂದವನು, ಪಿತೂರಿಯಿಲ್ಲ ಎಂದು ಓದುತ್ತದೆ.

ಮೊದಲನೆಯ ಅಭಿಪ್ರಾಯವು ನೆರೆಮನೆಯ ನಿವೃತ್ತ ಇಂಜಿನಿಯರರದು. ಅವರಿಗೆ ಚಿತ್ರವು ಬಹಳ ಮೆಚ್ಚಿಗೆಯಾಯಿತು. ದಿಗ್ದರ್ಶಕನಾದ ಅಲನ್ ಪಾಕುಲನೂ ಛಾಯಾಗ್ರಾಹಕನಾದ ಗಾರ್ಡನ್ ವಿಲಿಸನೂ ಅಗಲವಾದ ತೆರೆಯನ್ನು ಗಾಜು ಕಾಂಕ್ರೀಟುಗಳ ಸೌಧಗಳಿಂದ ತುಂಬಿಸಿ ಮನುಷ್ಯನನ್ನು ಮೂಲೆಯಲ್ಲಿ ಇರುವೆಯಂತೆ ನಿಲ್ಲಿಸಿದ್ದಾರೆ. ಮುಖಕ್ಕೆ ಬೆಳಕು ಬೀಳಬೇಕಾದಲ್ಲಿ ನೆರಳು ಬಿದ್ದಿದೆ. “ಮಾತಿಲ್ಲದೆಯೇ ಭಯವನ್ನು ಕಟ್ಟಿದ್ದಾರೆ, ಮೇಷ್ಟ್ರೇ” ಎಂದರು. ಎರಡನೆಯವನು ನನ್ನ ಹಳೆಯ ವಿದ್ಯಾರ್ಥಿ, ಈಗ ವಕೀಲ. ಅವನಿಗೆ ಇದೇ ಅಂದವು ಕೊರತೆಯಾಗಿ ಕಂಡಿತು. ಕಂಪೆನಿಗೆ ಹಣ ಕೊಡುವವರು ಯಾರು? ಅದರ ಯಜಮಾನನೆಲ್ಲಿ? ನಾಯಕನಿಗೆ ಮನೆಯುಂಟೆ, ಬಂಧುಗಳುಂಟೆ? ಇವೊಂದಕ್ಕೂ ಉತ್ತರವಿಲ್ಲ, “ಸೊಗಸಾದ ಡಬ್ಬಿ, ಒಳಗೆ ಏನೂ ಇಲ್ಲ” ಎಂದನು. ಚಿತ್ರವು ೧೯೭೪ರ ಜೂನ್ ತಿಂಗಳಲ್ಲಿ ಹೊರಬಂದಾಗ ಅಮೆರಿಕದ ವಿಮರ್ಶಕರಲ್ಲಿಯೂ ಒಮ್ಮತವಿರಲಿಲ್ಲ. ಅದರ ಕೀರ್ತಿಯು ಬೆಳೆದುದು ತರುವಾಯ. ಯಜಮಾನನನ್ನು ತೋರಿಸದಿರುವುದು ಮರೆವಿನಿಂದಲ್ಲ, ಬೇಕೆಂದೇ ಎಂಬುದು ನನ್ನ ಎಣಿಕೆ. ಮುಖವುಳ್ಳ ಶತ್ರುವನ್ನು ದ್ವೇಷಿಸಬಹುದು. ಮುಖವಿಲ್ಲದ ಶತ್ರುವಿಗೆ ಅಂಜುವುದಲ್ಲದೆ ಬೇರೆ ದಾರಿಯಿಲ್ಲ.

ಮೂರನೆಯವನು ನನ್ನ ಅಣ್ಣನ ಮಗ. ಚಿತ್ರ ಮುಗಿಯುತ್ತಲೆ ಅವನು ಎದ್ದು ನಿಂತು, “ನೋಡಿದಿರಾ ಚಿಕ್ಕಪ್ಪ, ಲೋಕವೆಲ್ಲ ನಡೆಯುವುದೇ ಹೀಗೆ. ಸರ್ಕಾರ, ಪತ್ರಿಕೆ, ಡಾಕ್ಟರು, ಔಷಧದ ಕಂಪೆನಿ ಎಲ್ಲವೂ ಒಂದೇ ಪ್ಯಾರಲಾಕ್ಸ್” ಎಂದನು. ಇದು ಬರಿಯ ವಾದವಾಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆನು. ಆದರೆ ಹುಡುಗನು ಕೈಯಲ್ಲಿಯ ಮೊಬೈಲಿಗೆ ಬರುವ ಊರು ಪೇರಿಲ್ಲದ ಸಂದೇಶಗಳನ್ನು ನಂಬಿ, ತನ್ನ ತಾಯಿಯ ರಕ್ತದೊತ್ತಡದ ಮಾತ್ರೆಗಳನ್ನು ಎರಡು ತಿಂಗಳಿಂದ ನಿಲ್ಲಿಸಿಬಿಟ್ಟಿದ್ದನು. ನಾನು ಎಷ್ಟು ಹೇಳಿದರೂ ಅವನ ಕಿವಿಗೆ ಬೀಳಲಿಲ್ಲ. ಅತ್ತಿಗೆಯವರೂ ಮಗನ ಮಾತಿಗೆ ಎದುರಾಡಿರಲಿಲ್ಲ.

ಅವನ ಸಂಶಯವನ್ನು ನಿರಾಧಾರವೆಂದು ತಳ್ಳಿಹಾಕುವಂತೆಯೂ ಇಲ್ಲ. ಈ ಚಿತ್ರವನ್ನು ಮಾಡಿದ ಜನ ಏನೇನನ್ನು ಕಂಡಿದ್ದರೆಂಬುದನ್ನು ನೆನೆಯಬೇಕು. ೧೯೬೩ರ ನವೆಂಬರ್ ೨೨ರಂದು ಅಧ್ಯಕ್ಷ ಕೆನೆಡಿಯವರು ಡಲ್ಲಾಸಿನಲ್ಲಿ ಹತರಾದರು. ಮರುವರ್ಷ ವಾರನ್ ಮಂಡಳಿಯು, ಕೊಂದವನು ಆಸ್ವಾಲ್ಡ್ ಒಬ್ಬನೇ ಎಂದು ವರದಿಯಿತ್ತಿತು. ೧೯೬೮ರಲ್ಲಿ ಮಾರ್ಟಿನ್ ಲೂಥರ್ ಕಿಂಗರೂ ರಾಬರ್ಟ್ ಕೆನೆಡಿಯವರೂ ಎರಡು ತಿಂಗಳ ಅಂತರದಲ್ಲಿ ಗುಂಡಿಗೆ ಬಲಿಯಾದರು. ೧೯೭೯ರಲ್ಲಿ ಅಲ್ಲಿಯ ಪ್ರತಿನಿಧಿಸಭೆಯ ಸಮಿತಿಯೇ, ಶಬ್ದಮುದ್ರಣವೊಂದರ ಆಧಾರದಿಂದ, ಅಧ್ಯಕ್ಷರ ಕೊಲೆಯಲ್ಲಿ ಪಿತೂರಿಯಿದ್ದಿರಬಹುದೆಂದು ಹೇಳಿತು. ೧೯೮೨ರಲ್ಲಿ ವಿಜ್ಞಾನಿಗಳ ಮಂಡಳಿಯೊಂದು ಆ ಶಬ್ದಪ್ರಮಾಣವು ನಿಲ್ಲತಕ್ಕುದಲ್ಲವೆಂದಿತು. ಇಂಥ ದೇಶದಲ್ಲಿ ಇಂಥ ಚಿತ್ರವು ಹುಟ್ಟಿದುದು ಆಶ್ಚರ್ಯವಲ್ಲ. ಆದರೆ ಒಂದು ಭೇದವುಂಟು. ಚಿತ್ರದಲ್ಲಿ ಎರಡನೆಯ ಪಿಸ್ತೂಲನ್ನು ದಿಗ್ದರ್ಶಕನು ನಮ್ಮ ಕಣ್ಣಿಗೆ ಮೊದಲೇ ತೋರಿಸಿಟ್ಟಿದ್ದಾನೆ. ಆದುದರಿಂದ ಮಂಡಳಿಯವರ ಮಾತು ಸುಳ್ಳೆಂದು ನಾವು ಬಲ್ಲೆವು. ಲೋಕದಲ್ಲಿ ಆ ಉಪಕಾರವನ್ನು ಮಾಡುವ ದಿಗ್ದರ್ಶಕನಿಲ್ಲ. ಅಲ್ಲಿ ಪಿಸ್ತೂಲನ್ನು ಹುಡುಕಿ ತೆಗೆಯಬೇಕು. ಹುಡುಕದೆ ಊಹಿಸಿದರೆ ಅದು ಪ್ರಮಾಣವಾಗದು.

ಹೀಗೆಂದು ನಾನು ಹುಡುಗನಿಗೆ ಹೇಳುತ್ತಿರುವಾಗಲೇ ನಾಲ್ಕನೆಯ ಅಭಿಪ್ರಾಯವು ಬಂದಿತು. ಅದು ಅತ್ತಿಗೆಯವರದು. ಅವರಿಗೆ ಇಂಗ್ಲಿಷ್ ಬಾರದು. ನಡುನಡುವೆ ನಾನು ಹೇಳಿದ ಕಥೆಯನ್ನು ಕೇಳುತ್ತ, ಹೂ ಕಟ್ಟುತ್ತ, ಚಿತ್ರವನ್ನು ನೋಡಿದ್ದರು. “ಕಂಪೆನಿಯ ಮಾತು ನನಗೆ ತಿಳಿಯದು. ಆ ಹೆಣ್ಣುಮಗಳು ‘ನನ್ನನ್ನು ಕೊಲ್ಲುತ್ತಾರೆ’ ಅಂತ ಅತ್ತುಕೊಂಡು ಬಂದಳಲ್ಲ, ಆಗ ಅವನು ನಂಬಲಿಲ್ಲ. ಸತ್ತಮೇಲೆ ನಂಬಿದ. ಆಮೇಲೆ ಯಾರನ್ನೂ ಜೊತೆಗೆ ಕರಕೊಳ್ಳದೆ ಒಬ್ಬನೇ ಹೋದ, ಸಿಕ್ಕಿಕೊಂಡ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮಗನ ಕಡೆಗೆ ತಿರುಗಿ, “ಹದಿನೈದು ದಿನದಿಂದ ತಲೆ ಸುತ್ತುತ್ತದೆ ಅಂತ ನಾನೂ ಹೇಳ್ತಾ ಇದ್ದೇನಪ್ಪ” ಎಂದರು.

ಹಜಾರದಲ್ಲಿ ಯಾರೂ ಮಾತನಾಡಲಿಲ್ಲ. ಮರುದಿನ ಅಣ್ಣನ ಮಗನೇ ತಾಯಿಯನ್ನು ಕರೆದುಕೊಂಡು ಹೋಗಿ ಒತ್ತಡವನ್ನು ಅಳೆಸಿದನು; ತೃಪ್ತಿಯಾಗದೆ ಬೇರೊಬ್ಬ ವೈದ್ಯರಲ್ಲಿಯೂ ಅಳೆಸಿದನು. ಎರಡು ಕಡೆಯೂ ಒತ್ತಡವು ಮಿತಿಮೀರಿದ್ದಿತು. ಮಾತ್ರೆಗಳು ಮತ್ತೆ ಆರಂಭವಾದುವು. ಕಂಪೆನಿಗಳ ವಿಷಯದಲ್ಲಿ ಅವನ ಅಭಿಪ್ರಾಯವು ಬದಲಾಗಿಲ್ಲ; ಬದಲಾಗಬೇಕೆಂದು ನಾನೂ ಕೇಳಿಲ್ಲ.

ಅತ್ತಿಗೆಯವರ ಮಾತು ನನ್ನನ್ನು ವಿಶಾಖದತ್ತನ ಮುದ್ರಾರಾಕ್ಷಸದ ಕಡೆಗೆ ಎಳೆಯಿತು. ಕೆಂಪುನಾರಾಯಣನು ೧೮೨೩ರಲ್ಲಿ ರಚಿಸಿದ ಮುದ್ರಾಮಂಜೂಷದಿಂದ ಆ ಕಥೆಯು ಕನ್ನಡಿಗರಿಗೂ ಪರಿಚಿತವಾದುದು. ಅಲ್ಲಿ ಸಂಚು ಮಾಡುವ ಚಾಣಕ್ಯನು ಮೊದಲನೆಯ ಅಂಕದಲ್ಲಿಯೇ ನಮ್ಮೆದುರಿಗೆ ನಿಂತಿದ್ದಾನೆ. ಪ್ರೇಕ್ಷಕನಿಗೆ ಎಲ್ಲವೂ ಗೊತ್ತು, ಪಾತ್ರಗಳಿಗೆ ಮಾತ್ರ ಗೊತ್ತಿಲ್ಲ. ಈ ಚಿತ್ರದ ಬಗೆ ಅದಕ್ಕೆ ತೀರ ವಿಪರೀತ. ಆದರೂ ಎರಡರಲ್ಲಿಯೂ ಆಯುಧವೊಂದೇ. ಚಾಣಕ್ಯನು ಮಲಯಕೇತುವಿನ ಸೈನ್ಯದ ಮೇಲೆ ಬಾಣ ಬಿಡಲಿಲ್ಲ. ರಾಕ್ಷಸನ ಮುದ್ರೆಯೊತ್ತಿದ ಒಂದು ಕೃತ್ರಿಮ ಪತ್ರದಿಂದ ಅವನ ಮನಸ್ಸಿನಲ್ಲಿ ಸಂಶಯವನ್ನು ಬಿತ್ತಿದನು. ಆ ರಾಜಕುಮಾರನು ತನ್ನ ಪಕ್ಷದ ಐದು ಮಂದಿ ರಾಜರನ್ನು ತಾನೇ ಕೊಲ್ಲಿಸಿ, ಹಿತೈಷಿಯಾದ ರಾಕ್ಷಸನನ್ನು ದೂರಮಾಡಿಕೊಂಡು, ಒಂಟಿಯಾಗಿ ಸೆರೆಸಿಕ್ಕಿದನು. ಎಲ್ಲರನ್ನೂ ಸಂಶಯಿಸುವವನು ಸಂಚಿನಿಂದ ತಪ್ಪಿಸಿಕೊಂಡೆನೆಂದು ತಿಳಿಯುತ್ತಾನೆ. ಅವನು ಒಂಟಿಯಾಗಲೆಂಬುದೇ ಸಂಚುಗಾರನ ಇಷ್ಟ. ಫ್ರೇಡಿಯ ಗತಿಯೂ ಅದೇ. ಅವನಿಗೆ ಬೆಂಬಲವಾಗಿದ್ದವನು ಪತ್ರಿಕೆಯ ಸಂಪಾದಕನೊಬ್ಬನು ಮಾತ್ರ. ಅವನಿಗೆ ವಿಷವಿಕ್ಕಿದ ಮೇಲೆ ಫ್ರೇಡಿಯು ಕಂಡುದಕ್ಕೆ ಎರಡನೆಯ ಕಣ್ಣೇ ಇಲ್ಲವಾಯಿತು.

ನಿಜವಾದ ಪಿತೂರಿಯೊಂದು ಬಯಲಾದ ಬಗೆಯನ್ನು ಇದರೊಡನೆ ಹೋಲಿಸಿ ನೋಡಬಹುದು. ೧೯೭೨ರ ಜೂನ್ ೧೭ರ ರಾತ್ರಿ ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿ, ಬಾಗಿಲ ಚಿಲಕಕ್ಕೆ ಯಾರೋ ಪಟ್ಟಿ ಅಂಟಿಸಿರುವುದನ್ನು ಕಾವಲುಗಾರನೊಬ್ಬನು ಕಂಡು ಪೊಲೀಸರನ್ನು ಕರೆದನು. ಐದು ಮಂದಿ ಸಿಕ್ಕಿಬಿದ್ದರು. ಪತ್ರಕರ್ತರು ಬೆನ್ನುಹತ್ತಿದರು, ನ್ಯಾಯಾಲಯಗಳು ಕೇಳಿದುವು, ಶಾಸನಸಭೆಯ ಸಮಿತಿಯು ವಿಚಾರಿಸಿತು. ಅಧ್ಯಕ್ಷನು ಶಬ್ದಮುದ್ರಣಗಳನ್ನು ಒಪ್ಪಿಸತಕ್ಕುದೆಂದು ೧೯೭೪ರ ಜುಲೈ ೨೪ರಂದು ಅಲ್ಲಿಯ ಸುಪ್ರೀಂ ಕೋರ್ಟು ಆಜ್ಞಾಪಿಸಿತು. ಆಗಸ್ಟ್ ೯ರಂದು ನಿಕ್ಸನ್ ಪದವಿಯನ್ನು ಬಿಟ್ಟನು. ಪ್ಯಾರಲಾಕ್ಸ್ ಚಿತ್ರವು ತೆರೆಗೆ ಬಂದು ಆಗ ಎರಡು ತಿಂಗಳಾಗುತ್ತ ಬಂದಿತ್ತು. ಎರಡು ವರ್ಷಗಳ ಮೇಲೆ ಅದೇ ದಿಗ್ದರ್ಶಕನೂ ಅದೇ ಛಾಯಾಗ್ರಾಹಕನೂ ಸೇರಿ ಈ ವೃತ್ತಾಂತವನ್ನೇ ‘ಆಲ್ ದಿ ಪ್ರೆಸಿಡೆಂಟ್ಸ್ ಮೆನ್’ ಎಂಬ ಚಿತ್ರವನ್ನಾಗಿ ಮಾಡಿದರು. ಅದರಲ್ಲಿ ಪತ್ರಕರ್ತರು ಇಬ್ಬರು. ಕಚೇರಿಯು ನೆರಳಿಲ್ಲದ ಬೆಳಕಿನಿಂದ ತುಂಬಿದೆ. ಒಬ್ಬನು ಹೇಳಿದ ಸಂಗತಿಯನ್ನು ಮತ್ತೊಬ್ಬನ ಬಾಯಿಂದ ದೃಢಪಡಿಸಿಕೊಳ್ಳದೆ ಅಚ್ಚು ಹಾಕಗೊಡದ ಸಂಪಾದಕನಿದ್ದಾನೆ. ಹಿಂದಿನ ಚಿತ್ರವನ್ನು ಮೆಚ್ಚಿದವರು ಇದನ್ನೂ ನೋಡತಕ್ಕುದು.

ಲಂಬನದ ಪ್ರಯೋಜನವನ್ನು ಹೇಳದೆ ಬಿಟ್ಟಿದ್ದೆನು. ನೋಟದ ಈ ವ್ಯತ್ಯಾಸವನ್ನು ಜ್ಯೋತಿರ್ವಿದರು ಕಣ್ಣಿನ ದೋಷವೆಂದು ತಳ್ಳಿಬಿಡಲಿಲ್ಲ. ಭೂಮಿಯು ತನ್ನ ಕಕ್ಷೆಯ ಒಂದು ಕಡೆಯಲ್ಲಿರುವಾಗ ಒಮ್ಮೆ, ಆರು ತಿಂಗಳ ಮೇಲೆ ಎದುರು ಕಡೆಯಲ್ಲಿರುವಾಗ ಒಮ್ಮೆ ಒಂದೇ ನಕ್ಷತ್ರವನ್ನು ನೋಡಿ, ಎರಡು ನೋಟಗಳ ವ್ಯತ್ಯಾಸದಿಂದ ಅದರ ದೂರವನ್ನು ಗಣಿಸಬಹುದು. ೧೮೩೮ರಲ್ಲಿ ಬೆಸೆಲ್ ಎಂಬ ಜರ್ಮನ್ ಪಂಡಿತನು ಈ ಬಗೆಯಿಂದ ನಕ್ಷತ್ರವೊಂದರ ದೂರವನ್ನು ಸಾಧಿಸಿ ತೋರಿಸಿದನು. ಒಂದೇ ಸ್ಥಳದಲ್ಲಿ ನಿಂತು ಎಷ್ಟು ಹೊತ್ತು ದಿಟ್ಟಿಸಿದರೂ ಆ ದೂರವು ತಿಳಿಯುತ್ತಿರಲಿಲ್ಲ. ಮನೆಯಲ್ಲಿ ನಾಲ್ವರು ಕುಳಿತು ಒಂದು ಚಿತ್ರವನ್ನು ನೋಡಿದಾಗ, ಒಂದು ಸುದ್ದಿಯನ್ನು ಓದಿದಾಗ, ನಾಲ್ಕು ಮಾತುಗಳು ಹುಟ್ಟುವುದನ್ನು ಗೃಹಸ್ಥರು ಕಲಹವೆಂದೆಣಿಸಬಾರದು. ಎಲ್ಲರ ಮಾತನ್ನೂ ಕೇಳಿ ಅಳೆಯಬೇಕು. ಕೈಯಲ್ಲಿ ಹೂವು ಹಿಡಿದು ಮೂಲೆಯಲ್ಲಿ ಕುಳಿತವರ ಮಾತನ್ನೂ ಬಿಡದೆ ಕೇಳಬೇಕು.