ತೊಗಟೆ ಸಮೇತ ಒಳಗೆ ಬಂದ ಮರ

ತೊಗಟೆ ಇದ್ದ ಮರ ಒಲೆಗೆ, ತೊಗಟೆ ಕಳಚಿದ ಮರ ಮನೆಗೆ. ನಾನು ಬೆಳೆದ ಕೊಪ್ಪದ ಕಡೆ ಇದು ಯಾರೂ ಬಾಯಿಬಿಟ್ಟು ಹೇಳಬೇಕಿರದ ಕಟ್ಟಳೆ. ಕಂಬವೋ ತೊಲೆಯೋ ಪಕಾಸಿಯೋ, ಮರ ಉರುಳಿಸಿದ ಕೆಲವೇ ದಿನಗಳಲ್ಲಿ ಕೊಡಲಿಯಿಂದ ತೊಗಟೆ ಎಬ್ಬಿಸುತ್ತಿದ್ದರು. ಹಸಿ ಇದ್ದಾಗ ಅದು ಅಂಗೈ ಅಗಲದ ಪಟ್ಟೆಗಳಾಗಿ ಬರುತ್ತಿತ್ತು. ಒಳಮೈ ಲೋಳೆಲೋಳೆ, ಮೂಗಿಗೆ ಹುಳಿ ವಾಸನೆ. ಆಮೇಲೆ ಆಚಾರಿಗಳು ಬಾಚಿ ಹಿಡಿದು ಹೊರಗಿನ ಬಿಳಿ ಭಾಗವನ್ನೂ ಕೆತ್ತಿ ಚೇಗು ಕಾಣುವವರೆಗೆ ಬಿಡುತ್ತಿರಲಿಲ್ಲ. ತೊಗಟೆ ಉಳಿಯುತ್ತಿದ್ದುದು ಬೇಲಿಗೂಟದಲ್ಲಿ, ಚಪ್ಪರದ ಕಂಬದಲ್ಲಿ, ಸೌದೆಯ ಒಟ್ಟಿಲಿನಲ್ಲಿ.

ಅಂದದ ವಿಚಾರ ಅದರಲ್ಲಿ ಇರಲಿಲ್ಲ. ಇದ್ದದ್ದು ಮರ ಕೊರೆಯುವ ಕುಟ್ಟೆ ಹುಳುವಿನ ಭಯ. ತೊಗಟೆಯ ಅಡಿಯಲ್ಲಿ ಪಸೆ ಉಳಿಯುತ್ತದೆ, ಬಿಳಿ ಭಾಗದಲ್ಲಿ ಪಿಷ್ಟ ಇರುತ್ತದೆ. ಹುಳುವಿಗೆ ಎರಡೂ ಬೇಕು. ಕಾಫಿ ಬೆಳೆಯುವವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಬಿಳಿ ಕಾಂಡಕೊರಕದ ದುಂಬಿ ಅರೇಬಿಕಾ ಗಿಡದ ತೊಗಟೆಯ ಬಿರುಕಿನಲ್ಲೇ ಮೊಟ್ಟೆ ಇಡುತ್ತದೆ. ಅದಕ್ಕೆಂದೇ ತೆಂಗಿನ ನಾರಿನಿಂದ ಕಾಂಡ ಉಜ್ಜಿ ಸಡಿಲ ತೊಗಟೆ ತೆಗೆಯುತ್ತಾರೆ.

ಈಗ ಚಿಕ್ಕಮಗಳೂರು, ಸಕಲೇಶಪುರ, ಮಡಿಕೇರಿಯ ಹೋಮ್‌ಸ್ಟೇಗಳಲ್ಲಿ ತೊಗಟೆಯೇ ಅಲಂಕಾರ. ಸಿಲ್ವರ್ ಓಕ್ ದಿಮ್ಮಿ ಕಂಬವಾಗಿ ನಿಲ್ಲುತ್ತದೆ, ಅಡ್ಡ ಕೊಯ್ದ ಬಿಲ್ಲೆ ಟೀಪಾಯಿ ಆಗುತ್ತದೆ, ಕಾಫಿ ಬೊಡ್ಡೆ ದೀಪದ ಕಾಲಾಗುತ್ತದೆ. ಹತ್ತಿರ ಹೋಗಿ ನೋಡಿದರೆ ಸಿಲ್ವರ್ ಓಕಿನ ಬೂದು ತೊಗಟೆಯ ಮೇಲೆ ಮೆಣಸಿನ ಬಳ್ಳಿ ಬೇರೂರಿ ಹತ್ತಿದ ಗುರುತು ಹಾಗೇ ಇರುತ್ತದೆ. ಆ ಮರ ತೋಟದಲ್ಲಿ ಏನು ಕೆಲಸ ಮಾಡಿತ್ತು ಎಂಬುದು ಅದರ ಮೈಮೇಲೇ ಇದೆ. ನನಗೆ ಅದು ನಿಜಕ್ಕೂ ಇಷ್ಟ.

ಹಳೆಯದೆಲ್ಲ ಮೇಲು ಎಂದು ನಾನು ಹೇಳಲಾರೆ. ಆಗಿನ ಕಂಬಗಳಿಗೆ ಬೀಟೆ, ಹೊನ್ನೆ, ಮತ್ತಿ ಕಾಡಿನಿಂದ ಬರುತ್ತಿದ್ದವು. ಒಂದೊಂದೂ ಹಲವು ತಲೆಮಾರು ಬೆಳೆದ ಮರ. ಸಿಲ್ವರ್ ಓಕ್ ಆಸ್ಟ್ರೇಲಿಯಾ ಮೂಲದ್ದು, ನೆರಳಿಗೆಂದು ನೆಟ್ಟದ್ದು, ಬೇಗ ಬೆಳೆಯುವಂಥದ್ದು. ಮರ ಸಂರಕ್ಷಣೆಯ 1976ರ ಕಾಯ್ದೆಯಲ್ಲೂ ಅದಕ್ಕೆ ಕಡಿಯುವ ಅನುಮತಿಯಿಂದ ವಿನಾಯಿತಿ ಇದೆ. ಮನೆಯ ಅಲಂಕಾರ ಕಾಡು ಬಿಟ್ಟು ತೋಟಕ್ಕೆ ಬಂದದ್ದು ಒಳ್ಳೆಯದೇ.

ಕೆಟ್ಟದ್ದು ಅವಸರ. ಮಳೆಗಾಲದಲ್ಲಿ ಕಡಿದ ಹಸಿ ದಿಮ್ಮಿಯನ್ನು ದೀಪಾವಳಿಯ ಹೊತ್ತಿಗೆ ಹಾಲ್‌ನಲ್ಲಿ ನಿಲ್ಲಿಸಿ ಮೇಲೆ ವಾರ್ನಿಷ್ ಬಳಿಯುತ್ತಾರೆ. ನಾನು ಉಳಿದಿದ್ದ ಒಂದು ಕಡೆ ಅಂಥ ಕಂಬದ ಬುಡದಲ್ಲಿ ಬೆಳಗ್ಗೆ ಗುಡಿಸಿದರೂ ಸಂಜೆಗೆ ಹಿಟ್ಟಿನಂಥ ಪುಡಿ ಬಿದ್ದಿರುತ್ತಿತ್ತು. ಬೆರಳಿನಿಂದ ತಟ್ಟಿದರೆ ತೊಗಟೆ ಟೊಳ್ಳು ಸದ್ದು ಮಾಡುತ್ತಿತ್ತು. ಮರ ಒಣಗಿ ಕುಗ್ಗುವಾಗ ತೊಗಟೆ ಅದರ ಜೊತೆಗೆ ಕುಗ್ಗುವುದಿಲ್ಲ. ನಡುವಿನ ಎಳೆಯ ಪದರ ಹರಿದು ತೊಗಟೆ ಬಿಟ್ಟುಕೊಳ್ಳುತ್ತದೆ.

ತೊಗಟೆ ಉಳಿಯಬೇಕೆಂದರೆ ಕೆಲಸ ಕಡಿಯುವಾಗಲೇ ಶುರುವಾಗಬೇಕು. ಮರದ ಬೆಳವಣಿಗೆ ನಿಂತ ಚಳಿಗಾಲದಲ್ಲಿ ಕಡಿದರೆ ತೊಗಟೆ ಹಿಡಿದುಕೊಳ್ಳುತ್ತದೆ. ಚಿಗುರುವ ಕಾಲದಲ್ಲಿ ಕಡಿದರೆ ಸುಲಿದು ಬರುತ್ತದೆ. ದಿಮ್ಮಿಯನ್ನು ನೆಲದಿಂದ ಎತ್ತಿ, ಗಾಳಿಯಾಡುವ ನೆರಳಿನಲ್ಲಿ ಇಟ್ಟು, ತುದಿಗಳಿಗೆ ಮೇಣ ಅಥವಾ ಬಣ್ಣ ಬಳಿಯಬೇಕು. ದುಂಡು ದಿಮ್ಮಿ ಒಣಗುವುದು ತಿಂಗಳ ಲೆಕ್ಕದಲ್ಲಲ್ಲ, ವರ್ಷದ ಲೆಕ್ಕದಲ್ಲಿ. ಗೋಡೆ ಕಡೆಗೆ ಬರುವ ಬದಿಯಲ್ಲಿ ಉದ್ದಕ್ಕೂ ಒಂದು ಗರಗಸದ ಸೀಳು ಹಾಕಿದರೆ ಬಿರುಕು ಹೆಚ್ಚಾಗಿ ಅಲ್ಲೇ ಬಿಡುತ್ತದೆ, ಮುಂಬದಿ ಉಳಿಯುತ್ತದೆ. ಹುಳು ಹಿಡಿಯದಂತೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ವಾರ್ನಿಷ್‌ಗೆ ಮೊದಲೇ ಹೀರಿಸಬೇಕು. ಆಮೇಲೆ ಅದು ಮರದೊಳಗೆ ಇಳಿಯುವುದಿಲ್ಲ.

ಇಷ್ಟು ಕಾಯುವ ತಾಳ್ಮೆ ಇದ್ದವರು ಧಾರಾಳವಾಗಿ ತೊಗಟೆಯ ಮರವನ್ನು ಮನೆಯೊಳಗೆ ತನ್ನಿ. ಇಲ್ಲದವರು ತೊಗಟೆ ತೆಗೆಸಿಬಿಡಿ. ಹಿಂದಿನವರ ಬಾಚಿ ಕೆಲಸ ಇವತ್ತಿಗೂ ತಪ್ಪಲ್ಲ.