ಜೊಂಡಿನೊಳಗಿನ ಗುಟುರು

ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೋಕ್ ಪ್ರಾಂತ್ಯದಲ್ಲಿ ಮಿನ್ಸ್‌ಮಿಯರ್ ಎಂಬ ಪಕ್ಷಿಧಾಮವಿದೆ. ಒಂದು ಕಡೆ ಉತ್ತರ ಸಮುದ್ರ, ಇನ್ನೊಂದು ಕಡೆ ಕಾಡು, ನಡುವೆ ಆಳೆತ್ತರಕ್ಕೆ ಬೆಳೆದ ಜೊಂಡುಹುಲ್ಲು. ವಸಂತದ ಬೆಳಗಿನ ಜಾವ ಇಲ್ಲಿ ಸುಮ್ಮನೆ ನಿಂತರೆ ಜೊಂಡಿನೊಳಗಿಂದ ಗೂಳಿ ಗುಟುರು ಹಾಕಿದಂಥ ಸದ್ದು ಬರುತ್ತದೆ: ‘ಊಂಪ್... ಊಂಪ್...’ ಮಕ್ಕಳೇ, ಖಾಲಿ ಸೀಸೆಯ ಬಾಯಿಗೆ ತುಟಿ ತಾಗಿಸಿ ಊದಿ ನೋಡಿ. ಹೆಚ್ಚುಕಡಿಮೆ ಅದೇ ಸದ್ದು! ಗಾಳಿಯಿಲ್ಲದ ದಿನ ಅದು ಐದು ಕಿಲೋಮೀಟರ್ ದೂರಕ್ಕೂ ಕೇಳುತ್ತದೆ.

ಗುಟುರು ಹಾಕುವುದು ಗೂಳಿಯಲ್ಲ, ಬಿಟರ್ನ್ ಎಂಬ ಹಕ್ಕಿ. ನಮ್ಮ ಬೆಳ್ಳಕ್ಕಿಯ ದೊಡ್ಡಪ್ಪನ ಮಗ ಅನ್ನಬಹುದು. ಮೈಯೆಲ್ಲ ಒಣಹುಲ್ಲಿನ ಬಣ್ಣ, ಅದರ ಮೇಲೆ ಕಪ್ಪು ಗೀರು. ಅಪಾಯ ಕಂಡರೆ ಕೊಕ್ಕನ್ನು ಆಕಾಶಕ್ಕೆ ಚಾಚಿ ಜೊಂಡಿನ ಜೊತೆ ತಾನೂ ತೂಗಾಡುತ್ತದೆ. ಎದುರಿಗೇ ಇದ್ದರೂ ಕಾಣದು. ಹೆಣ್ಣನ್ನು ಕರೆಯಲು, ‘ಇದು ನನ್ನ ಜಾಗ’ ಎಂದು ಸಾರಲು ಗಂಡು ಮಾತ್ರ ಹೀಗೆ ಕೂಗುತ್ತದೆ.

ಒಂದು ಕಾಲದಲ್ಲಿ ಇಂಗ್ಲೆಂಡಿನ ಜೌಗು ನೆಲದಲ್ಲೆಲ್ಲ ಈ ಕೂಗಿತ್ತು. ಜನ ಜೌಗನ್ನು ಬತ್ತಿಸಿ ಹೊಲ ಮಾಡಿದರು. ಹಕ್ಕಿಯನ್ನು ಬೇಟೆಯಾಡಿ ತಿಂದರು. 19ನೇ ಶತಮಾನ ಮುಗಿಯುವ ಹೊತ್ತಿಗೆ ಅದು ಅಲ್ಲಿ ಮರಿ ಮಾಡುವುದೇ ನಿಂತುಹೋಗಿತ್ತು. 1911ರಲ್ಲಿ ಪಕ್ಕದ ನಾರ್ಫಕ್‌ನಲ್ಲಿ ಮತ್ತೆ ಗೂಡು ಕಂಡಿತು. ಮಿನ್ಸ್‌ಮಿಯರ್‌ಗೆ ಜೊಂಡು ಬಂದದ್ದು ಯುದ್ಧದಿಂದ! 1940ರಲ್ಲಿ ಶತ್ರುಗಳು ದಡ ಹತ್ತದಿರಲೆಂದು ಅಲ್ಲಿನ ಹೊಲಗಳಿಗೆ ನೀರು ನುಗ್ಗಿಸಿದ್ದರು. ಯುದ್ಧ ಮುಗಿಯಿತು, ಜೊಂಡು ಉಳಿಯಿತು.

ಆದರೆ ವರ್ಷ ಕಳೆದಂತೆ ಜೊಂಡಿನ ಬುಡದಲ್ಲಿ ಕಸ ಕೊಳೆತು ನೆಲ ಏರಿತು, ನೀರು ಇಳಿಯಿತು. ನೀರಿಲ್ಲದೆ ಮೀನಿಲ್ಲ, ಮೀನಿಲ್ಲದೆ ಬಿಟರ್ನ್ ಇಲ್ಲ. ಹಕ್ಕಿ ಮತ್ತೆ ಕಡಿಮೆಯಾಗುತ್ತಿದೆ ಎಂದು ಎಲ್ಲರಿಗೂ ಅನ್ನಿಸಿತು. ಎಷ್ಟು ಉಳಿದಿವೆ? ಕಾಣದ ಹಕ್ಕಿಯನ್ನು ಎಣಿಸುವುದು ಹೇಗೆ? ಬೆಳಿಗ್ಗೆ ಬಡಗಣ ಮೂಲೆಯಲ್ಲಿ ಕೂಗಿದ್ದು, ಸಂಜೆ ತೆಂಕಣ ಮೂಲೆಯಲ್ಲಿ ಕೂಗಿದ್ದು ಒಂದೇ ಹಕ್ಕಿಯೋ, ಎರಡೋ?

ಫೋನಿನಲ್ಲಿ ‘ಅಜ್ಜೀ’ ಎಂದೊಡನೆ ಮೊಮ್ಮಗ ಯಾರೆಂದು ಅಜ್ಜಿಗೆ ಗೊತ್ತಾಗುವುದಿಲ್ಲವೇ? ವಿಜ್ಞಾನಿಗಳು ಹಿಡಿದದ್ದೂ ಅದೇ ದಾರಿ. ಗುಟುರನ್ನು ಧ್ವನಿಮುದ್ರಿಸಿ, ಸ್ವರದ ಏರಿಳಿತವನ್ನು ಕಂಪ್ಯೂಟರಿನಲ್ಲಿ ಚಿತ್ರವಾಗಿ ಮೂಡಿಸಿದರು. ನಮ್ಮ ಕಿವಿಗೆ ಒಂದೇ ಥರ ಕೇಳುವ ಕೂಗು ಚಿತ್ರದಲ್ಲಿ ಬೇರೆ ಬೇರೆಯಾಗಿ ಕಂಡಿತು. ಹೆಬ್ಬೆರಳ ಗುರುತಿನ ಹಾಗೆ ಪ್ರತಿ ಗಂಡಿಗೂ ತನ್ನದೇ ಸ್ವರ! ಹಕ್ಕಿಯನ್ನು ಹಿಡಿಯಬೇಕಿಲ್ಲ, ಕಾಲಿಗೆ ಬಳೆ ತೊಡಿಸಬೇಕಿಲ್ಲ, ಗೂಡಿನ ಹತ್ತಿರ ಸುಳಿಯಬೇಕಿಲ್ಲ. ಹೋದ ವರ್ಷ ಕೂಗಿದವನು ಈ ವರ್ಷವೂ ಬದುಕಿದ್ದಾನೆಯೇ ಎಂಬುದನ್ನೂ ಸ್ವರದಿಂದಲೇ ತಿಳಿಯಬಹುದಾಯಿತು.

1997ರಲ್ಲಿ ಲೆಕ್ಕ ಸಿಕ್ಕಿತು. ಇಡೀ ಬ್ರಿಟನ್ನಿನಲ್ಲಿ ಕೂಗುವ ಗಂಡುಗಳು ಕೇವಲ 11. ಒಂದು ಕ್ರಿಕೆಟ್ ತಂಡದಷ್ಟು! ಇಷ್ಟು ಕಡಿಮೆ ಇದ್ದಾಗ ಒಂದೇ ಹಕ್ಕಿಯನ್ನು ಎರಡು ಸಲ ಎಣಿಸಿದರೂ ಸುಳ್ಳು ಧೈರ್ಯ ಬಂದುಬಿಡುತ್ತದೆ.

ಆಮೇಲೆ ಕೆಲಸ ಬಿರುಸಾಯಿತು. ಹಳೆಯ ಜೊಂಡಿನ ಹೂಳು ತೆಗೆದು ನೀರು ನಿಲ್ಲಿಸಿದರು, ಕಾಲುವೆ ತೋಡಿ ಮೀನಿಗೆ ದಾರಿ ಮಾಡಿದರು. ಪಶ್ಚಿಮದ ಸಾಮರ್ಸೆಟ್‌ನಲ್ಲಿ ಮಣ್ಣು ಅಗೆದು ಬಿಟ್ಟಿದ್ದ ಹೊಂಡಗಳಲ್ಲಿ ಹೊಸದಾಗಿ ಜೊಂಡು ಬೆಳೆಸಿದರು. ಮಿನ್ಸ್‌ಮಿಯರ್ ಸಮುದ್ರದ ಅಂಚಿನಲ್ಲಿದೆ. ಉಪ್ಪುನೀರು ಒಳನುಗ್ಗಿದರೆ ಸಿಹಿನೀರಿನ ಮೀನು ಉಳಿಯದು. ಹಾಗಾಗಿ ಒಳನಾಡಿನಲ್ಲಿ ಇನ್ನೊಂದು ಮನೆ ಬೇಕೇ ಬೇಕಿತ್ತು.

2024ರ ಎಣಿಕೆಯಲ್ಲಿ ಕೂಗಿದ ಗಂಡುಗಳು 283. ಮಿನ್ಸ್‌ಮಿಯರ್‌ಗೆ ಹೋದವರಲ್ಲಿ ಅನೇಕರಿಗೆ ಇಂದಿಗೂ ಬಿಟರ್ನ್ ಕಣ್ಣಿಗೆ ಬೀಳುವುದಿಲ್ಲ. ಜೊಂಡಿನೊಳಗಿಂದ ಗುಟುರು ಕೇಳಿತೆಂದರೆ ಸಾಕು, ಬಂದದ್ದು ಸಾರ್ಥಕವಾಯಿತೆಂದು ನಗುತ್ತ ಮನೆಗೆ ಹೊರಡುತ್ತಾರೆ.