ಹಕ್ಕು ಎಂಬ ಪದವೂ ಚಿಂತಾಕಿಯ ಅರ್ಜಿದಾರರೂ

ಬೀದರ ಜಿಲ್ಲೆಯ ಔರಾದ ತಾಲೂಕಿಗೆ ಒಂದೆಡೆ ಮಹಾರಾಷ್ಟ್ರ, ಇನ್ನೊಂದೆಡೆ ತೆಲಂಗಾಣ. ಅಲ್ಲಿಯ ಚಿಂತಾಕಿ ಭಾಗದಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಈ ನಾಲ್ಕು ನುಡಿಗಳಿಗೂ ಸಮಾನವಾದ ಪದಗಳು ಅನೇಕ. ಅವುಗಳಲ್ಲಿ 'ಹಕ್ಕು' ಒಂದು. ಅರಬ್ಬಿಯ 'ಹಕ್' ಫಾರಸಿ ಮತ್ತು ದಖನಿಯ ದಾರಿಯಲ್ಲಿ ಬಂದು ಕನ್ನಡ ತೆಲುಗುಗಳಲ್ಲಿ ಹಕ್ಕು ಎಂದೂ ಮರಾಠಿಯಲ್ಲಿ ಹಕ್ಕ ಎಂದೂ ನೆಲೆಗೊಂಡಿತು. ಮೂಲದಲ್ಲಿ ಅದಕ್ಕೆ ಸತ್ಯವೆಂಬ ಅರ್ಥವೂ ನ್ಯಾಯವಾಗಿ ಸಲ್ಲಬೇಕಾದುದು ಎಂಬ ಅರ್ಥವೂ ಉಂಟು. ದಖನಿನ ಕಂದಾಯದ ಕಾಗದಗಳಲ್ಲಿ ಅದು ದೇಶಮುಖ, ದೇಶಪಾಂಡೆಯರಿಗೆ ಊರಿನ ಹುಟ್ಟುವಳಿಯಿಂದ ಸಲ್ಲುವ ಪಾಲು. ಹೊಲದಲ್ಲಿ ದುಡಿದವನಿಗೆ ಆ ಪದದೊಡನೆ ಇದ್ದದ್ದು ಕೊಡುವವನ ಸಂಬಂಧ ಮಾತ್ರ. ಇಂದಿಗೂ ರೈತನಿಗೆ ಅದು ಹೆಚ್ಚು ಪರಿಚಿತವಾಗಿರುವುದು ಪಹಣಿಯಿಂದಲೇ. ಈ ಪದಕ್ಕೆ 'ಮಾನವ' ಎಂಬ ಸಂಸ್ಕೃತ ಪದ ಸೇರಿದ್ದು ತೀರ ಈಚಿನ ಸಂಗತಿ. 'ಮಾನವ ಹಕ್ಕು' ಅರಿಸಮಾಸವೆಂದು ಯಾವ ವೈಯಾಕರಣನೂ ತಕರಾರು ತೆಗೆದಂತಿಲ್ಲ. ತೆಗೆದಿದ್ದರೂ 'ತಕರಾರು' ಪದವನ್ನು ಅರಬ್ಬಿಯಿಂದಲೇ ಎರವು ಪಡೆಯಬೇಕಾಗುತ್ತಿತ್ತು.

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ಕಚೇರಿಯು 2005ರಲ್ಲಿ ಅಲ್ಪಸಂಖ್ಯಾತರಿಗಾಗಿ ತರಬೇತಿ ಫೆಲೋಶಿಪ್ ಒಂದನ್ನು ಆರಂಭಿಸಿತು. 1992ರ ಡಿಸೆಂಬರ್ 18ರಂದು ಸಾಮಾನ್ಯ ಸಭೆ ಅಂಗೀಕರಿಸಿದ ಅಲ್ಪಸಂಖ್ಯಾತರ ಹಕ್ಕುಗಳ ಘೋಷಣೆ ಅದರ ತಳಹದಿ. ಆಯ್ಕೆಯಾದವರು ಜಿನೀವಾದಲ್ಲಿ ಕೆಲವು ವಾರ ಇದ್ದು, ಒಡಂಬಡಿಕೆಗಳ ಸಮಿತಿಗಳು ಹೇಗೆ ಕೆಲಸ ಮಾಡುತ್ತವೆ, ದೂರನ್ನು ಯಾರಿಗೆ ಹೇಗೆ ಬರೆಯಬೇಕು ಮುಂತಾದುವನ್ನು ಕಲಿಯುತ್ತಾರೆ. ಊರಿಗೆ ಮರಳಿ ಕಲಿತದ್ದನ್ನು ತಮ್ಮ ಸಮುದಾಯಕ್ಕೆ ತಿಳಿಸಬೇಕೆಂಬುದು ನಿರೀಕ್ಷೆ. ಪ್ರಯಾಣ, ವಸತಿಗಳ ವೆಚ್ಚ ಅವರ ಮೇಲೆ ಬೀಳುವುದಿಲ್ಲ. ಬೀದರದ ನೆಲಕ್ಕೆ ಇದು ಹೊಸ ಕಲ್ಪನೆಯೇನೂ ಅಲ್ಲ. 1472ರಲ್ಲಿ ಮಹಮೂದ್ ಗಾವಾನನು ಕಟ್ಟಿಸಿದ ಮದರಸಾದಲ್ಲಿ ವಿದ್ಯಾರ್ಥಿಗಳಿಗೆ ಊಟ ವಸತಿಗಳೆರಡೂ ಉಚಿತವಾಗಿದ್ದವು. ಪರದೇಶಿಯಾಗಿ ಬಂದು ಮಂತ್ರಿಯಾದ ಆತನು 1481ರಲ್ಲಿ ಸುಲ್ತಾನನ ಆಜ್ಞೆಯಿಂದಲೇ ಹತನಾದ.

ಚಿಂತಾಕಿಯಂಥ ಕಡೆಯಿಂದ ಅರ್ಜಿ ಹಾಕುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ತಾವು ಯಾವ ಅಲ್ಪಸಂಖ್ಯಾತರು ಎಂಬುದು. ಕೇಳಲು ಸರಳ, ಉತ್ತರಿಸಲು ಕಠಿಣ. 1956ರ ನವೆಂಬರ್ 1ಕ್ಕೆ ಮುಂಚಿನ ಬೀದರ ಜಿಲ್ಲೆಯಲ್ಲಿ ಯಾವ ಭಾಷೆಗೂ ಬಹುಮತವಿರಲಿಲ್ಲ. ಅಂದು ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ ಹೋದವು. ಬೀದರ, ಭಾಲ್ಕಿ, ಔರಾದ ಭಾಗಗಳು ಮೈಸೂರಿಗೆ ಬಂದವು. ಮನೆ, ಬಾವಿ, ನೆಂಟಸ್ತಿಕೆ ಇದ್ದಲ್ಲಿಯೇ ಇದ್ದವು. ಅಲ್ಪಸಂಖ್ಯಾತತ್ವ ಮಾತ್ರ ಒಂದು ರಾತ್ರಿಯಲ್ಲಿ ಹಂಚಿಕೆಯಾಯಿತು. ಅಲ್ಪಸಂಖ್ಯಾತರನ್ನು ಗುರುತಿಸಲು ರಾಜ್ಯವೇ ಘಟಕವೆಂದು 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ ಮೇಲಂತೂ ಚಿತ್ರ ಇನ್ನಷ್ಟು ಸ್ಪಷ್ಟವಾಯಿತು, ಇನ್ನಷ್ಟು ವಿಚಿತ್ರವೂ ಆಯಿತು. ಔರಾದ ತಾಲೂಕಿನ ಮರಾಠಿ ಮಾತಿನ ಹೆಣ್ಣುಮಗಳು ತವರಿನಲ್ಲಿ ಅಲ್ಪಸಂಖ್ಯಾತಳು. ಗಡಿಯಾಚೆಯ ದೇಗಲೂರಿಗೆ ಸೊಸೆಯಾಗಿ ಹೋದರೆ ಬಹುಸಂಖ್ಯಾತಳು. ಅವಳ ಕನ್ನಡದ ಗೆಳತಿ ಅದೇ ಊರಿಗೆ ಹೋದರೆ ಇದಕ್ಕೆ ವಿರುದ್ಧ. ಕಾಸರಗೋಡಿನ ಕನ್ನಡಿಗರು 2017ರಲ್ಲಿ ಮಲೆಯಾಳ ಕಡ್ಡಾಯದ ವಿರುದ್ಧ ಬೀದಿಗಿಳಿದಾಗ ಕನ್ನಡದ ಪತ್ರಿಕೆಗಳು ಅವರ ಪರ ನಿಂತದ್ದು ಸರಿಯೇ. ಅದೇ 350ಎ ವಿಧಿ ಔರಾದದ ಮರಾಠಿ, ತೆಲುಗು ಮಕ್ಕಳಿಗೂ ಅನ್ವಯಿಸುತ್ತದೆಂಬುದನ್ನು ಕನ್ನಡದ ವಿದ್ವತ್ ಬರಹ ಅಷ್ಟೇ ಉತ್ಸಾಹದಿಂದ ನೆನೆದಿದೆಯೆಂದು ಹೇಳುವುದು ಕಷ್ಟ.

ಭಾಷೆಯ ಲೆಕ್ಕಕ್ಕಿಂತ ಭಾರವಾದ ಇನ್ನೊಂದು ಲೆಕ್ಕ ಈ ಜಿಲ್ಲೆಯಲ್ಲಿದೆ. 1948ರ ಮೇ ತಿಂಗಳಲ್ಲಿ ಇದೇ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ರಜಾಕಾರರು ಹಿಂದೂಗಳ ಸಾಮೂಹಿಕ ಹತ್ಯೆ ನಡೆಸಿದರು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಹತರಾದವರು ಮುಸಲ್ಮಾನರು. ಭಾರತ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲರ ನಿಯೋಗವು ನವೆಂಬರ್ ಕೊನೆಯಿಂದ ಡಿಸೆಂಬರ್ ಮೂರನೆಯ ವಾರದವರೆಗೆ ಹೈದರಾಬಾದ್ ಸಂಸ್ಥಾನದಲ್ಲಿ ಸಂಚರಿಸಿ, ಸತ್ತವರ ಸಂಖ್ಯೆಯನ್ನು 27,000ದಿಂದ 40,000ದವರೆಗೆ ಅಂದಾಜಿಸಿತು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಒಂದೆಂದು ಬರೆಯಿತು. ಆ ನಿಯೋಗ ಊರೂರು ತಿರುಗುತ್ತಿದ್ದ ದಿನಗಳಲ್ಲಿಯೇ, 1948ರ ಡಿಸೆಂಬರ್ 10ರಂದು, ಪ್ಯಾರಿಸಿನಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಅಂಗೀಕಾರವಾಯಿತು. ಘೋಷಣೆಯನ್ನು ಜಗತ್ತು ಅಂದೇ ಓದಿತು. ನಿಯೋಗದ ವರದಿಯಾದರೋ ಸಾರ್ವಜನಿಕರ ಓದಿಗೆ ದೊರೆಯಲು ದಶಕಗಳೇ ಬೇಕಾದವು. ಗೋರ್ಟಾವನ್ನು ಮಾತ್ರ ನೆನೆಯುವವರಿದ್ದಾರೆ, ನಂತರದ ತಿಂಗಳುಗಳನ್ನು ಮಾತ್ರ ನೆನೆಯುವವರಿದ್ದಾರೆ. ಎರಡನ್ನೂ ಒಂದೇ ಪುಟದಲ್ಲಿ ಬರೆಯಬಲ್ಲವರು ವಿರಳ. ಸಾಕ್ಷ್ಯವನ್ನು ಸಂಗ್ರಹಿಸುವ, ಯಾರ ಪರವಾಗಿಯೂ ಅಲ್ಲದೆ ದಾಖಲಿಸುವ ಶಿಸ್ತು ಇಂಥ ತರಬೇತಿಯ ತಿರುಳಾಗಿರುವುದರಿಂದ, ಬೀದರದವರಿಗೆ ಅದು ಬೇರೆಯವರಿಗಿಂತ ಹೆಚ್ಚು ಬೇಕಾದ ವಿದ್ಯೆ.

ಆದರೆ ಬಾಗಿಲಲ್ಲಿ ಭಾಷೆ ಕುಳಿತಿದೆ. ಈ ಫೆಲೋಶಿಪ್ ಇಂಗ್ಲಿಷ್, ಅರಬ್ಬಿ, ರಷ್ಯನ್ ಭಾಷೆಗಳಲ್ಲಿ ನಡೆದುಬಂದಿದೆ. ಭಾರತದ ಅರ್ಜಿದಾರರಿಗೆ ಇಂಗ್ಲಿಷೇ ಗತಿ. ಔರಾದದ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಓದಿ, ತನ್ನ ತಾಂಡಾದ ಅಥವಾ ಕೇರಿಯ ವಿಷಯಗಳನ್ನು ತಹಸೀಲ್ದಾರರ ಮುಂದೆ ನಿರರ್ಗಳವಾಗಿ ಮಂಡಿಸಬಲ್ಲ ಯುವತಿ ಇಂಗ್ಲಿಷಿನ ಅರ್ಜಿಯ ಮುಂದೆ ಮೂಕಳಾಗುತ್ತಾಳೆ. ಆ ಸಮುದಾಯವನ್ನು ಕಾಣದ ನಗರದ ಪದವೀಧರರು ಅದನ್ನು ಸುಲಭವಾಗಿ ತುಂಬುತ್ತಾರೆ. ವಿಪರ್ಯಾಸವೆಂದರೆ, ಮದರಸಾದಲ್ಲಿ ಅರಬ್ಬಿ ಕಲಿತ ಬೀದರದ ಹುಡುಗನಿಗೆ 'ಹುಕೂಕುಲ್ ಇನ್ಸಾನ್' ಎಂಬ ಪದಪುಂಜ ತಟ್ಟನೆ ತಿಳಿಯುತ್ತದೆ. ಚಿಂತಾಕಿಯ ರೈತನಿಗೂ ಅದರ ಮೊದಲ ಪದದ ಬೇರು ತನ್ನ ಪಹಣಿಯಲ್ಲಿಯೇ ಸಿಗುತ್ತದೆ. 'ಹ್ಯೂಮನ್ ರೈಟ್ಸ್' ಇಬ್ಬರಿಗೂ ದೂರ.

ದೇಶದೊಳಗಿನ ನೆರವೂ ಸ್ಥಿರವಾಗಿ ಉಳಿಯಲಿಲ್ಲ. ಅಲ್ಪಸಂಖ್ಯಾತ ಸಂಶೋಧಕರಿಗೆಂದು 2009ರಲ್ಲಿ ಆರಂಭವಾದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ನಿಲ್ಲಿಸಿರುವುದಾಗಿ ಕೇಂದ್ರ ಸರ್ಕಾರವು 2022ರ ಡಿಸೆಂಬರಿನಲ್ಲಿ ಲೋಕಸಭೆಗೆ ತಿಳಿಸಿತು. ಅದು ಇದ್ದಾಗಲೂ ಧಾರ್ಮಿಕ ಅಲ್ಪಸಂಖ್ಯಾತರಿಗಷ್ಟೇ ಸಲ್ಲುತ್ತಿತ್ತು. ಭಾಷೆಯಿಂದ ಅಲ್ಪಸಂಖ್ಯಾತರಾದವರಿಗೆ ಅಲ್ಲಿ ಸ್ಥಳವಿರಲಿಲ್ಲ. ಕನ್ನಡ ವಿಭಾಗಗಳು ಈ ಎರಡು ಬಾಗಿಲುಗಳ ನಡುವೆ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಸಾರ್ವತ್ರಿಕ ಘೋಷಣೆಗೆ ಕನ್ನಡ ಅನುವಾದವಿದೆ. ದೂರು ಬರೆಯುವ ಕ್ರಮ, ಸಾಕ್ಷ್ಯ ದಾಖಲಿಸುವ ವಿಧಾನಗಳಿಗೆ ಬೀದರದ ರೈತ ಓದಬಲ್ಲ ಕನ್ನಡ ಬೇಕು. 'ಪ್ರತ್ಯಾಯೋಜಿತ', 'ಅನುಸಮರ್ಥನ'ಗಳ ಕನ್ನಡ ಅದಲ್ಲ. ಹಕ್ಕು, ಅರ್ಜಿ, ದಾವೆ, ಜಾಮೀನು, ರುಜುವಾತುಗಳ ಕನ್ನಡ. ಈ ಪದಗಳನ್ನು ಶುದ್ಧೀಕರಣದ ಹೆಸರಿನಲ್ಲಿ ಹೊರಗಿಟ್ಟ ಪಾರಿಭಾಷಿಕ ಕೋಶಗಳು ನ್ಯಾಯವನ್ನೇ ಅರ್ಜಿದಾರರಿಂದ ಒಂದು ಮೆಟ್ಟಿಲು ಮೇಲೆ ಇಟ್ಟಿವೆ.

ತರಬೇತಿಯು ಈಚಿನ ವರ್ಷಗಳಲ್ಲಿ ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ, ಅಲ್ಪಸಂಖ್ಯಾತರ ವೇದಿಕೆಯ ಅಧಿವೇಶನದೊಂದಿಗೆ ಕೂಡಿಕೊಂಡು ನಡೆಯುತ್ತದೆ. ಹೋದವರು ಮರಳುವ ಹೊತ್ತಿಗೆ ಔರಾದ, ಭಾಲ್ಕಿಗಳ ಹೊಲಗಳಲ್ಲಿ ತೊಗರಿ ಕೊಯ್ಲಿಗೆ ಬಂದಿರುತ್ತದೆ. ಹಗಲು ಯಾರೂ ಸಭೆಗೆ ಸಿಗುವುದಿಲ್ಲ. ಜಿನೀವಾದಿಂದ ತಂದ ಮಾತು ರಾತ್ರಿ ಊಟವಾದ ಮೇಲೆ, ಕೇರಿಯ ಕಟ್ಟೆಯಲ್ಲಿ, ನಾಲ್ಕು ಭಾಷೆಗಳನ್ನು ಬೆರೆಸಿಯೇ ಆರಂಭವಾಗಬೇಕು.